ಜಪಾನಿನ ಶಾಲೆಗಳಲ್ಲಿ ಪರದೇಶದ ಗುರು

ಜಪಾನಿನಲ್ಲಿ ಇಂಗ್ಲಿಷ್ ಕಲಿಸಲು ಹೋದ ಪರದೇಶೀಯರ ವಿಚಾರ ಬಂದಾಗ ಮೊದಲು ನೆನಪಾಗುವ ಹೆಸರು ಲಾಫ್ಕಾಡಿಯೊ ಹರ್ನ್. ಅವನಿಗಿಂತ ಮೊದಲೇ ಹೋದವರು ಅನೇಕರಿದ್ದರು. ಆದರೆ ತರಗತಿಯ ಅನುಭವವನ್ನು ಅವನಷ್ಟು ಮನಸ್ಸಿಟ್ಟು ಬರೆದವರು ವಿರಳ. ತಾಯಿ ಗ್ರೀಕಳು, ತಂದೆ ಐರಿಷ್‌ನವನು. ಅಮೆರಿಕದಲ್ಲಿ ಪತ್ರಿಕಾವೃತ್ತಿಯಿಂದ ಬದುಕಿದ್ದವನು. 1890ರಲ್ಲಿ ಸರೋವರದ ದಡದ ಮಾತ್ಸುಎ ಪಟ್ಟಣದ ಶಾಲೆಗೆ ಉಪಾಧ್ಯಾಯನಾಗಿ ಬಂದಾಗ ಅವನಿಗೆ ನಲವತ್ತು ವರ್ಷ. ಜಪಾನೀ ಭಾಷೆ ತಿಳಿಯದು. ನಿಶಿದಾ ಸೆಂತಾರೊ ಎಂಬ ಸಹೋದ್ಯೋಗಿ ಕೈಹಿಡಿದು ನಡೆಸಿದನು.

ಹರ್ನ್ ಹುಡುಗರಿಂದ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಿಸುತ್ತಿದ್ದನು. ಒಂದೇ ವಿಷಯ ಕೊಟ್ಟರೆ ಎಲ್ಲರ ಬರಹದಲ್ಲಿಯೂ ಒಂದೇ ಬಗೆಯ ಭಾವನೆ, ಒಂದೇ ಬಗೆಯ ಹೋಲಿಕೆ. ಬೇರೊಬ್ಬ ಗುರುವಾಗಿದ್ದರೆ ಇದನ್ನು ಕಲ್ಪನಾದಾರಿದ್ರ್ಯವೆಂದು ಕೆಂಪು ಶಾಯಿ ಬಳಿಯುತ್ತಿದ್ದನೋ ಏನೋ. ಹರ್ನ್ ಅದರಲ್ಲಿ ಒಂದು ಜನಾಂಗದ ಪರಂಪರಾಗತ ಭಾವವನ್ನು ಕಂಡನು. 1894ರಲ್ಲಿ ಪ್ರಕಟವಾದ ಅವನ ಜಪಾನ್ ಕುರಿತ ಗ್ರಂಥದಲ್ಲಿ ಈ ಉಪಾಧ್ಯಾಯವೃತ್ತಿಯ ದಿನಚರಿಯೂ ಸೇರಿದೆ. ಕಲಿಸಲು ಹೋದವನು ಓದಲು ಕಲಿತದ್ದು ಅಲ್ಲಿ ಕಾಣುತ್ತದೆ. ಕೊಯಿಜುಮಿ ಸೆತ್ಸು ಎಂಬಾಕೆಯನ್ನು ವರಿಸಿ, 1896ರಲ್ಲಿ ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರು ಧರಿಸಿ, ತೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯ ಬೋಧಿಸಿದನು. ಆದರೂ ಪತಿಪತ್ನಿಯರ ಮಾತು ಕೊನೆಯವರೆಗೂ ವ್ಯಾಕರಣ ಬಿಟ್ಟ ಒಂದು ಮನೆಮಾತಿನ ಜಪಾನೀ ಆಗಿತ್ತು!

1903ರಲ್ಲಿ ಅವನು ಆ ಹುದ್ದೆಯನ್ನು ಬಿಡಬೇಕಾಯಿತು. ವಿದ್ಯಾರ್ಥಿಗಳು ಬಹಳ ನೊಂದರು. ಆ ಸ್ಥಾನಕ್ಕೆ ಬಂದವರಲ್ಲಿ ಲಂಡನಿನಿಂದ ಮರಳಿದ್ದ ನಾತ್ಸುಮೆ ಸೊಸೆಕಿಯೂ ಒಬ್ಬ. ಮುಂದೆ ಜಪಾನಿನ ಮಹಾಕಾದಂಬರಿಕಾರನಾದವನು. ಇದನ್ನು ಬರಿಯ ಕೃತಘ್ನತೆ ಎನ್ನಲಾಗದು. ಮೇಜಿ ಯುಗದ ಸರ್ಕಾರ ದೊಡ್ಡ ಸಂಬಳ ಕೊಟ್ಟು ಪರದೇಶೀಯರನ್ನು ಕರೆಸಿದ್ದೇ, ಅವರಿಂದ ಕಲಿತ ಸ್ವದೇಶೀಯರು ಅವರ ಪೀಠದಲ್ಲಿ ಕೂಡಲೆಂದು.

1987ರಲ್ಲಿ ಜಪಾನ್ ಮತ್ತೆ ಪರದೇಶದ ತರುಣರನ್ನು ಆಹ್ವಾನಿಸಿತು. ಜೆಟ್ ಎಂಬ ಯೋಜನೆಯಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ ಆ ವರ್ಷ ಬಂದವರು 848 ಮಂದಿ. ಪದವಿ ಇದ್ದರೆ ಸಾಕು, ಯಾವ ವಿಷಯದಲ್ಲಾದರೂ ಆಗಬಹುದು. ಕರಾರು ಒಂದು ವರ್ಷದ್ದು. ಹೆಚ್ಚೆಂದರೆ ಐದು ವರ್ಷ. ಆದರೆ ಈ ಸಲ ಬಂದವನ ಹೆಸರು ಸಹಾಯಕ ಭಾಷಾಶಿಕ್ಷಕ. ಪಾಠ, ಅಂಕ, ಶಿಸ್ತುಗಳ ಹೊಣೆ ಪಕ್ಕದಲ್ಲಿ ನಿಂತ ಜಪಾನೀ ಶಿಕ್ಷಕನದು. ಮಕ್ಕಳ ಚಿತ್ತವಾದರೋ ಪ್ರವೇಶ ಪರೀಕ್ಷೆಯಲ್ಲಿ ನೆಟ್ಟಿರುತ್ತದೆ. ವಿಶ್ವವಿದ್ಯಾನಿಲಯಗಳ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಕಿವಿಯಿಂದ ಕೇಳಿ ಉತ್ತರಿಸುವ ಭಾಗ ಸೇರಿದ್ದೇ 2006ರಲ್ಲಿ. ಹೀಗಾಗಿ ಅನೇಕ ತರಗತಿಗಳಲ್ಲಿ ಪರದೇಶೀಯನ ಕೆಲಸ ಪುಸ್ತಕದ ವಾಕ್ಯವನ್ನು ಗಟ್ಟಿಯಾಗಿ ಓದುವುದು, ಮಕ್ಕಳದು ಪುನರುಚ್ಚರಿಸುವುದು. ತಮ್ಮನ್ನು ಜೀವಂತ ಟೇಪ್‌ರೆಕಾರ್ಡರ್ ಎಂದು ಕರೆದುಕೊಂಡು ನಕ್ಕವರಿದ್ದಾರೆ. ಆ ನಗೆಯಲ್ಲಿ ನೋವಿಲ್ಲದಿಲ್ಲ.

ಪುನರುಚ್ಚಾರವೂ ಸುಲಭವಲ್ಲ. ಜಪಾನೀ ನುಡಿಯಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ, ಇಲ್ಲವೇ ಅನುನಾಸಿಕದಲ್ಲಿ ಮುಗಿಯುತ್ತವೆ; ಆದ್ದರಿಂದ ಬಸ್ ಅಲ್ಲಿ ‘ಬಸು’, ಹೋಟೆಲ್ ‘ಹೊತೆರು’. ಬಸ್ಸು, ಹೋಟೆಲು, ಬೆಂಚು ಎನ್ನುವ ನಾವು ಇದಕ್ಕೆ ನಗುವ ಅಧಿಕಾರವುಳ್ಳವರಲ್ಲ. ಲಕಾರ ರಕಾರಗಳ ಭೇದವಂತೂ ಅವರ ಕಿವಿಗೇ ಅಪರಿಚಿತ. ತಪ್ಪಾದೀತೆಂಬ ಅಂಜಿಕೆಯಿಂದ ನಲವತ್ತು ಮಕ್ಕಳ ತರಗತಿ ಮೌನ ತಾಳುವುದುಂಟು. ಹೊಸಬನಿಗೆ ಆ ಮೌನ ಅಸಡ್ಡೆಯಂತೆ ಕಾಣುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಅದರಲ್ಲಿ ಸಂಕೋಚವನ್ನು ಗುರುತಿಸುತ್ತಾನೆ.

ಮೌನ ಮುರಿಯುವುದು ಹೆಚ್ಚಾಗಿ ಗಂಟೆ ಬಾರಿಸಿದ ಮೇಲೆ. ಕಿರಿಯ ಶಾಲೆಗಳಲ್ಲಿ ಮಕ್ಕಳೇ ಬಿಳಿ ಟೋಪಿ ಧರಿಸಿ ಅನ್ನ, ಸಾರು ಬಡಿಸುತ್ತಾರೆ. ಗುರುವೂ ಅವರ ನಡುವೆ ಕುಳಿತು ಉಣ್ಣುತ್ತಾನೆ. ಊಟದ ನಂತರ ಎಲ್ಲರೂ ಸೇರಿ ಶಾಲೆಯನ್ನು ಗುಡಿಸಿ ಒರೆಸುವ ಹೊತ್ತು. ಆಗ ಪರದೇಶೀಯನ ಕೈಯಲ್ಲೂ ಒಂದು ಒರೆಬಟ್ಟೆ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ, ಪೊರಕೆ ಹಿಡಿದು, ಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದನ್ನು ಮುರುಕು ಇಂಗ್ಲಿಷಿನಲ್ಲಿ ಕೇಳಬಹುದು: ನಿಮ್ಮ ದೇಶದಲ್ಲಿ ಶಾಲೆಯನ್ನು ಗುಡಿಸುವವರು ಯಾರು? ಗುರು ತನ್ನ ಮುರುಕು ಜಪಾನೀಯಲ್ಲಿ ಉತ್ತರಿಸತೊಡಗುತ್ತಾನೆ.