ಕಳ್ಳಿಗೆ ಜುಟ್ಟು ಬಂದದ್ದೇಕೆ?

ಪ್ರಶ್ನೆ: ನೆಟ್ಟಗೆ ಬೆಳೆಯುತ್ತಿದ್ದ ನನ್ನ ಕಳ್ಳಿಗಿಡದ ತುದಿ ಬೀಸಣಿಗೆಯಂತೆ ಅಗಲವಾಗುತ್ತಿದೆ. ರೋಗವೇ? ಕತ್ತರಿಸಲೇ?

ಉತ್ತರ: ಬೇಡ, ಕತ್ತರಿ ಕೆಳಗಿಡಿ! ಇಂಥ ಗಿಡವನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಕಾಂಡದ ತುದಿಯಲ್ಲಿ ಚುಕ್ಕೆಯಷ್ಟಿರಬೇಕಾದ ಬೆಳವಣಿಗೆಯ ಕೇಂದ್ರ ಹಿಗ್ಗಿ ಗೆರೆಯಾದಾಗ ಹೀಗಾಗುತ್ತದೆ. ಗೆರೆ ಉದ್ದವಾಗುತ್ತಾ ಜಾಗ ಸಾಲದೆ ಸೀರೆಯಂತೆ ನೆರಿಗೆಗಟ್ಟುತ್ತದೆ. ಅಂಗಳದ ಕೋಳಿಜುಟ್ಟು ಹೂವಿನದೂ ಇದೇ ಕಥೆ. ಆದರೆ ಅದರ ಜುಟ್ಟು ಬೀಜದಿಂದಲೂ ಬರುತ್ತದೆ, ಕಳ್ಳಿಯದು ಸಾಮಾನ್ಯವಾಗಿ ಬರುವುದಿಲ್ಲ. ಇಂಥದೇ ಇನ್ನೊಂದು ಗಿಡ ಬೇಕಿದ್ದರೆ ಜುಟ್ಟಿನ ತುಂಡು ಕತ್ತರಿಸಿ ಬೇರೆ ಕಳ್ಳಿಯ ಮೇಲೆ ಕಸಿ ಕಟ್ಟಬಹುದು. ಜುಟ್ಟು ಬರಲು ಕಾರಣ ಜೀನಿನ ಮಾರ್ಪಾಟೋ, ತುದಿಗೆ ಬಿದ್ದ ಪೆಟ್ಟೋ ಇರಬಹುದು. ಅರಿಜೋನಾ ಮರುಭೂಮಿಯ ದೈತ್ಯ ಸಗ್ವಾರೊ ಕಳ್ಳಿಗಳೂ ಅಪರೂಪಕ್ಕೆ ಜುಟ್ಟು ಬಿಡುತ್ತವೆ.

ಬುಡದಿಂದ ಮಾಮೂಲಿ ಕವಲು ಹೊರಟರೆ ಮಾತ್ರ ದಾಕ್ಷಿಣ್ಯ ಬೇಡ, ಚೊಕ್ಕ ಚಾಕುವಿನಿಂದ ತೆಗೆದುಬಿಡಿ. ಅದು ಸರಸರನೆ ಬೆಳೆದು ಜುಟ್ಟನ್ನು ಸೊರಗಿಸುತ್ತದೆ. ಮರಳು ಬೆರೆತ ಮಣ್ಣಿರಲಿ, ಅದು ಪೂರ್ತಿ ಒಣಗಿದ ಮೇಲೆಯೇ ನೀರು. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಸರಿಸಿ. ನೆರಿಗೆಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಹಿಟ್ಟುತಿಗಣೆ ಅಡಗುವುದೂ ಅಲ್ಲೇ. ವಾರಕ್ಕೊಮ್ಮೆ ಇಣುಕಿ ನೋಡುತ್ತಿರಿ.