ತೊಗರಿ ಹೊಲಕ್ಕೆ ಬಂದ ಕವಚ

ಸೇಡಂ, ಚಿತ್ತಾಪುರ, ಚಿಂಚೋಳಿಯ ಎರೆ ನೆಲದಲ್ಲಿ ತೊಗರಿ ಹೂಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಹುಳು ಬೀಳುತ್ತದೆ. ಬೆನ್ನಿಗೆ ಪಂಪು ಏರಿಸಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೆಲಸ ಶುರುವಾಗುತ್ತದೆ. ಆಳೆತ್ತರದ ಗಿಡಗಳ ನಡುವೆ ನಡೆಯುವವರ ಎದೆ, ತೋಳು, ಮುಖಕ್ಕೆ ಆ ಹನಿ ತಾಗದೆ ಇರದು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಔಷಧಗಳು ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದವು. ಯುದ್ಧದ ನರವಿಷಗಳೂ ಅದೇ ಕುಲದವು.

1936ರಲ್ಲಿ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಗೆರ್ಹಾರ್ಡ್ ಶ್ರಾಡರ್ ಹುಳು ಕೊಲ್ಲುವ ರಾಸಾಯನಿಕ ಹುಡುಕುತ್ತಿದ್ದಾಗ ಟಾಬುನ್ ಎಂಬ ನರವಿಷ ಸಿಕ್ಕಿತು. 1938ರಲ್ಲಿ ಸಾರಿನ್ ಬಂತು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು, ಕೆಲಸ ಮುಗಿದೊಡನೆ ಒಂದು ಕಿಣ್ವ ಒಡೆದುಹಾಕುತ್ತದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಬೆವರು, ಜೊಲ್ಲು ಸುರಿಯುತ್ತವೆ, ಸ್ನಾಯುಗಳು ಅದುರುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ.

1950ರ ದಶಕದಲ್ಲಿ ಅಮೆರಿಕದ ಇರ್ವಿನ್ ವಿಲ್ಸನ್ ಅವರ ಸಂಶೋಧನೆಯಿಂದ ಪ್ರಾಲಿಡಾಕ್ಸೈಮ್ ಬಂತು. ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತುಹಾಕುವ, ಆಕ್ಸೈಮ್ ಎಂಬ ಗುಂಪಿನ ಔಷಧವಿದು. ಅಟ್ರೋಪಿನ್ ಜೊತೆ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಇದು ವಿಷವೇರಿದ ಮೇಲಿನ ಚಿಕಿತ್ಸೆ. ಜೀವ ಉಳಿದರೂ ನೆನಪು, ಗಮನ, ಕೈಯ ಹಿಡಿತ ಕುಂದಬಹುದು. ಹಾಗಾಗಿ ವಿಜ್ಞಾನಿಗಳು ಮುಂಚಿತ ರಕ್ಷಣೆಯತ್ತ ಹೊರಳಿದರು. ರಕ್ತದಲ್ಲಿ ಸಹಜವಾಗಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ಮೊದಲೇ ಹೆಚ್ಚಿಗೆ ಕೊಟ್ಟರೆ, ವಿಷ ನರಗಳನ್ನು ಮುಟ್ಟುವ ಮುನ್ನವೇ ಅದರಲ್ಲಿ ಸಿಕ್ಕಿಬೀಳುತ್ತದೆ. 1991ರಲ್ಲಿ ಅಮೆರಿಕದ ಸೇನಾ ಸಂಶೋಧಕರು ಈ ಕಿಣ್ವ ಕೊಟ್ಟ ಕೋತಿಗಳಿಗೆ ಸೋಮನ್ ಎಂಬ ನರವಿಷ ಹಾಕಿದರು. ಅವು ಬದುಕಿದವು, ನೆನಪಿನ ಪರೀಕ್ಷೆಯನ್ನೂ ಮತ್ತೆ ಮಾಡಿ ತೋರಿಸಿದವು. ತೊಡಕೊಂದಿತ್ತು: ಒಂದು ಕಿಣ್ವಕಣ ಒಂದೇ ವಿಷಕಣವನ್ನು ಹಿಡಿಯುತ್ತದೆ. ಅಷ್ಟು ಕಿಣ್ವವನ್ನು ಮನುಷ್ಯರ ರಕ್ತದಿಂದ ತೆಗೆಯುವುದು ವಿಪರೀತ ದುಬಾರಿ.

ವಿಷವನ್ನು ದಾರಿಯಲ್ಲೇ ತಡೆಯುವ ಈ ಯೋಚನೆಯನ್ನು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರಕ್ತದ ಬದಲು ಚರ್ಮದ ಮೇಲೆ ಪ್ರಯೋಗಿಸಿತು. ಪ್ರವೀಣ್ ಕುಮಾರ್ ವೇಮುಲ ಅವರ ತಂಡ 2018ರಲ್ಲಿ ಆಕ್ಸೈಮ್ ಬೆರೆತ ಲೇಪನ ತಂದಿತು. ಅದನ್ನು ಹಚ್ಚಿದ ಇಲಿಗಳು ಕೀಟನಾಶಕ ತಾಗಿದರೂ ಸಾಯಲಿಲ್ಲ, ಓಡುವ ಕಸುವನ್ನೂ ಕಳೆದುಕೊಳ್ಳಲಿಲ್ಲ. ಬಳಿಕ ಆಕ್ಸೈಮ್ ಅನ್ನು ಹತ್ತಿ ಬಟ್ಟೆಗೇ ಬೆಸೆದರು. ವಿಷ ಈ ಬಟ್ಟೆ ದಾಟುವ ಮುನ್ನವೇ ಒಡೆಯುತ್ತದೆ. 2024ರ ಡಿಸೆಂಬರ್‌ನಲ್ಲಿ 'ಕಿಸಾನ್ ಕವಚ' ಎಂಬ ಹೆಸರಿನಲ್ಲಿ ಈ ಉಡುಪು ಬಿಡುಗಡೆಯಾಯಿತು. ಒಗೆದು ಮತ್ತೆ ಮತ್ತೆ ತೊಡಬಹುದು. ವಾಡಿ, ಶಹಾಬಾದ್ ಕಡೆಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ದುಡಿಯುವುದು ಆಗದ ಮಾತು. ಹತ್ತಿಯಾದರೆ ಮೈಗೆ ಒಗ್ಗುತ್ತದೆ.

ಆರಂಭದ ಬೆಲೆ ಸುಮಾರು 4,000 ರೂಪಾಯಿ. ಕೂಲಿಯವರಿಗೆ ಇದು ಕೈಗೆಟುಕದು. ರೈತ ಸಂಪರ್ಕ ಕೇಂದ್ರಗಳು ತಾಡಪತ್ರಿಯನ್ನು ರಿಯಾಯಿತಿ ದರದಲ್ಲಿ ಕೊಡುತ್ತವೆ. ಕವಚವನ್ನೂ ಹಾಗೇ ಕೊಡಬೇಕು. ಕೊಡುವಾಗ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಬಾರದು, ಪಂಪು ಹೊರುವವರು ಯಾರೆಂದು ಕೇಳಬೇಕು.