ಮಳೆಗಾಲದ ಹೂದೋಟ ಮತ್ತು ಮನೆಯ ಆರೋಗ್ಯ

ಮೃಗಶಿರಾ ಮಳೆ ಬಿದ್ದು ನೆಲ ತಣಿದೊಡನೆ ಮನೆಯ ಹಿತ್ತಲಿಗೆ ಹೊಸ ಜೀವ ಬರುತ್ತದೆ. ಬೇಸಿಗೆಯಲ್ಲಿ ಬಾಡಿದ್ದ ದಾಸವಾಳ, ನಂದಿಬಟ್ಟಲು, ಕಣಗಿಲೆಗಳು ಚಿಗುರುತ್ತವೆ. ಶ್ರಾವಣ ಕಳೆಯುವ ವೇಳೆಗೆ ಪಾರಿಜಾತವು ರಾತ್ರಿ ಅರಳಿ ನಸುಕಿನಲ್ಲಿ ನೆಲದ ತುಂಬ ಉದುರುತ್ತದೆ. ಪೂಜೆಗೆ ಬೇಕಾದ ಹೂಪತ್ರೆಗಳನ್ನು ಸ್ವಂತ ಅಂಗಳದಿಂದಲೇ ಬಿಡಿಸಿ ತರುವ ಸಂತೋಷವನ್ನು ಬಲ್ಲವರೇ ಬಲ್ಲರು. ಆದರೆ ಹೂವಿನೊಡನೆ ಅನೇಕ ಜೀವಿಗಳೂ ಹಿತ್ತಲಿಗೆ ಬರುತ್ತವೆ. ಅವುಗಳಲ್ಲಿ ನಮಗೆ ಹಿತವಾದವು ಯಾವುವು, ಅಪಾಯ ತರುವವು ಯಾವುವು ಎಂಬುದನ್ನು ಅರಿತಿರುವುದು ಅವಶ್ಯಕ.

ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮಗುವೊಂದು ಡೆಂಗ್ಯೂ ಜ್ವರದಿಂದ ಆರು ದಿನ ಆಸ್ಪತ್ರೆಯಲ್ಲಿತ್ತು. ನಾವು ಓಣಿಯ ಚರಂಡಿಯನ್ನೇ ದೂರುತ್ತಿದ್ದೆವು. ಆಶಾ ಕಾರ್ಯಕರ್ತೆ ಬಂದು ನೋಡಿದಾಗ ಸೊಳ್ಳೆಯ ಮರಿಗಳು ಕಂಡದ್ದು ನಮ್ಮದೇ ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿ!

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಕೊಳಚೆಗಿಂತ ತಿಳಿಯಾಗಿ ನಿಂತ ನೀರನ್ನೇ ಹೆಚ್ಚಾಗಿ ಆಶ್ರಯಿಸುತ್ತದೆ. ಮೈಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುವ ಇದು ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನಗಳು ಸಾಕು. ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ತಟ್ಟೆಯನ್ನು ನಾರಿನಿಂದ ಉಜ್ಜಿ ಒಣಗಿಸಬೇಕು. ಹಕ್ಕಿಗಳಿಗೆ ಇಟ್ಟ ನೀರಿನ ಬಟ್ಟಲು, ತೆಂಗಿನ ಚಿಪ್ಪು, ಹಳೆಯ ಟೈರುಗಳಿಗೂ ಇದೇ ನಿಯಮ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ಜ್ವರ ಬಂದಾಗ ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ನುಂಗಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರ ಇಳಿಯುವ ಹೊತ್ತಿನಲ್ಲಿಯೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಗು ಗುಣವಾಗಿ ಬಂದ ಮೇಲೆ ಇಡೀ ಹಿತ್ತಲಿಗೆ ಕೀಟನಾಶಕ ಸಿಂಪಡಿಸಿಬಿಡೋಣವೆಂದು ನಮಗೂ ಅನ್ನಿಸಿತು. ಯೋಚಿಸಿದಾಗ ಅದರ ತಪ್ಪು ತಿಳಿಯಿತು. ಎಲೆಗೆ ಹೊಡೆದ ವಿಷವು ತಟ್ಟೆಯ ನೀರಿನಲ್ಲಿರುವ ಮರಿಗಳನ್ನು ಮುಟ್ಟುವುದಿಲ್ಲ. ಜೇನುನೊಣ, ಜೇಡ, ಏರೋಪ್ಲೇನ್ ಚಿಟ್ಟೆಗಳನ್ನು ಮಾತ್ರ ಕೊಲ್ಲುತ್ತದೆ. ಇವುಗಳಲ್ಲಿ ಜೇಡವೂ ಏರೋಪ್ಲೇನ್ ಚಿಟ್ಟೆಯೂ ಸೊಳ್ಳೆಗಳನ್ನು ತಿನ್ನುವಂಥವು. ಮೇಲಾಗಿ ಆ ಹೂಗಳನ್ನು ಬಿಡಿಸುವುದು ನಮ್ಮ ಕೈಗಳೇ. ಅದೇ ಗಿಡದ ಕರಿಬೇವು ನಮ್ಮ ಒಗ್ಗರಣೆಗೇ ಬೀಳುತ್ತದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಮುಂದೆ ಚಿಟ್ಟೆಯಾಗುವುದು. ಅದಕ್ಕೆ ನಾಲ್ಕು ಎಲೆ ಬಿಟ್ಟುಕೊಟ್ಟರೆ ನಮಗೇನೂ ನಷ್ಟವಿಲ್ಲ. ಸಿಂಪಡಿಸದ ದಾಸವಾಳಕ್ಕೆ ಸೂರಕ್ಕಿ ಈಗಲೂ ಬರುತ್ತಿದೆ.

ಹಾವಿನ ವಿಷಯದಲ್ಲಿ ಎಚ್ಚರ ಬೇಕು. ಕಟ್ಟಿಗೆಯ ರಾಶಿ, ಕಸ, ಇಲಿಯ ಬಿಲಗಳಿದ್ದಲ್ಲಿ ಅದು ಬರುತ್ತದೆ. ಹೂ ಬಿಡಿಸಲು ನಸುಕಿನಲ್ಲಿ ಹೋಗುವವರು ಬ್ಯಾಟರಿ ಹಿಡಿದು, ಕಾಲಿಗೆ ಚಪ್ಪಲಿ ಮೆಟ್ಟಿ ಹೋಗಬೇಕು. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದೇ ಹೊರತು ಮಂತ್ರವಲ್ಲ. ಕಣಗಿಲೆಯ ಎಲ್ಲ ಭಾಗಗಳೂ ವಿಷವೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಅದನ್ನು ಬಿಡಿಸಿದ ಮೇಲೆ ಕೈ ತೊಳೆಯಬೇಕು.

ಈಗ ನಮ್ಮ ಮನೆಯಲ್ಲಿ ಒಂದು ನೇಮವಿದೆ. ಪ್ರತಿ ಸೋಮವಾರ ಬೆಳಿಗ್ಗೆ ಹೂವಿಗೆ ಕೈಹಾಕುವ ಮೊದಲು ಕುಂಡದ ತಟ್ಟೆಗಳನ್ನೆಲ್ಲ ಉಜ್ಜಿ ಬೋರಲು ಹಾಕುತ್ತೇವೆ. ಕಾಲು ಗಂಟೆಯ ಕೆಲಸ. ಕಳೆದ ವರ್ಷ ಮಲಗಿದ್ದ ಆ ಮಗುವೇ ಈಗ ತಟ್ಟೆಗಳನ್ನು ಎಣಿಸಿ, ಒಂದೂ ತಪ್ಪದಂತೆ ನೋಡಿಕೊಳ್ಳುತ್ತದೆ. ಭಕ್ತರೆಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಈ ನೇಮವನ್ನು ಆರಂಭಿಸಲೆಂದು ಕೋರುತ್ತೇವೆ.